ಹೊಟ್ಟಿನಿಂದ ಹಾಳೆ

ನಮ್ಮ ನೆರೆಮನೆಯವರಲ್ಲಿ ಗೌರಿಯೆಂಬ ಹಸುವೊಂದಿತ್ತು. ಬೆಳಗ್ಗೆ ಹಾಲು ಕರೆದುಕೊಂಡ ಮೇಲೆ ಅದನ್ನು ಬೀದಿಗೆ ಬಿಡುವುದು ಅವರ ವಾಡಿಕೆ. ಅದು ಪ್ರತಿಯೊಂದು ಮನೆಯ ಬಾಗಿಲಲ್ಲಿಯೂ ಕ್ಷಣಹೊತ್ತು ನಿಲ್ಲುವುದು. ಬಾಳೆಹಣ್ಣಿನ ಸಿಪ್ಪೆಯೋ, ಅಕ್ಕಿ ತೊಳೆದ ಕಲಗಚ್ಚೋ, ಸಿಕ್ಕಿದುದನ್ನು ಸ್ವೀಕರಿಸಿ ಮುಂದಿನ ಮನೆಗೆ ಹೋಗುವುದು. ಮೂರು ವರ್ಷಗಳ ಕೆಳಗೆ ಒಂದು ದಿನ ಅದು ಮೇವು ಬಿಟ್ಟಿತು, ಹೊಟ್ಟೆ ಉಬ್ಬಿತು. ಪಶುವೈದ್ಯರು ಬಂದು ಶಸ್ತ್ರಕ್ರಿಯೆ ಮಾಡಿ, ಅದರ ಹೊಟ್ಟೆಯಿಂದ ಪಾಲಿಥೀನ್ ಚೀಲಗಳ ದೊಡ್ಡದೊಂದು ಮುದ್ದೆಯನ್ನು ಹೊರತೆಗೆದರು. ಹಸು ಉಳಿಯಲಿಲ್ಲ. ಆ ಮುದ್ದೆಯಲ್ಲಿದ್ದ ಚೀಲಗಳಲ್ಲಿ ಒಂದೂ ನಮ್ಮ ಮನೆಯದಲ್ಲವೆಂದು ಎದೆಮುಟ್ಟಿ ಹೇಳುವ ಧೈರ್ಯ ನಮಗಿರಲಿಲ್ಲ. ತರಕಾರಿಯ ಸಿಪ್ಪೆಯನ್ನು ಚೀಲದಲ್ಲಿ ಗಂಟುಹಾಕಿ ಬೀದಿಯ ಮೂಲೆಗೆ ಎಸೆಯುವ ಅಭ್ಯಾಸವು ಆಗ ನಮ್ಮಲ್ಲಿಯೂ ಇದ್ದಿತು.

ಅಂದಿನಿಂದ ನಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ನಿಂತಿದೆ. ಅಷ್ಟೇ ಹಗುರವಾಗಿ, ಅಷ್ಟೇ ತೆಳುವಾಗಿ, ಆದರೆ ಮಣ್ಣಿಗೆ ಬಿದ್ದರೆ ಮಣ್ಣಾಗುವಂಥ ಹಾಳೆಯೊಂದನ್ನು ಮನುಷ್ಯನು ಮಾಡಲಾರನೆ? ಉತ್ತರವನ್ನು ಹುಡುಕುತ್ತ ಹೋದಾಗ, ಅದರ ಒಂದಂಶವು ಅಕ್ಕಿಯ ಗಿರಣಿಯ ಹಿಂದೆ ಬಿದ್ದಿರುವ ಹೊಟ್ಟಿನ ರಾಶಿಯಲ್ಲಿಯೇ ಇದೆಯೆಂದು ತಿಳಿದು ನಮಗೆ ಆಶ್ಚರ್ಯವಾಯಿತು. ತಿಳಿದುಕೊಂಡುದನ್ನೂ, ಮನೆಯಲ್ಲಿ ಮಾಡಿ ಕಂಡುದನ್ನೂ ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಅಳಿಯದ ವಸ್ತು

ಪಾಲಿಥೀನು ಹುಟ್ಟಿದುದು ಆಕಸ್ಮಿಕವಾಗಿ. ೧೯೩೩ನೆಯ ಇಸವಿ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್ ಎಂಬಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಎಥಿಲೀನ್ ಅನಿಲವನ್ನು ಬಹಳ ಹೆಚ್ಚಿನ ಒತ್ತಡಕ್ಕೆ ಗುರಿಮಾಡಿದಾಗ, ಪಾತ್ರೆಯಲ್ಲಿ ಮೇಣದಂಥ ಬಿಳಿಯ ಪದಾರ್ಥವೊಂದು ಉಳಿಯಿತು. ೧೯೩೯ರಲ್ಲಿ ಅದರ ತಯಾರಿಕೆಯು ಕಾರ್ಖಾನೆಯಲ್ಲಿ ಮೊದಲಾಯಿತು. ಯುದ್ಧಕಾಲದಲ್ಲಿ ರಾಡಾರ್ ಯಂತ್ರದ ತಂತಿಗಳಿಗೆ ಹೊದಿಕೆಯಾಗಿ ಉಪಯೋಗಕ್ಕೆ ಬಂದಿತು. ನೀರಿಗೆ ಅಳುಕದು, ಗಾಳಿಗೆ ಕೆಡದು, ಹುಳುವಿಗೆ ರುಚಿಸದು ಎಂಬುದೇ ಅದರ ಹಿರಿಮೆ. ಅದೇ ಹಿರಿಮೆಯು ಇಂದು ನಮಗೆ ಶಾಪವಾಗಿ ನಿಂತಿದೆ. ಅಂಗಡಿಯಿಂದ ಮನೆಗೆ ಬರುವ ಅರ್ಧಗಳಿಗೆಯ ಕೆಲಸಕ್ಕೆ ನಾವು ತಲೆತಲಾಂತರ ಬಾಳುವ ಪದಾರ್ಥವನ್ನು ಬಳಸುತ್ತಿದ್ದೇವೆ. ಗಡಿಗೆ ನೀರು ಕಾಯಿಸುವುದಕ್ಕೆ ಮನೆಯ ತೊಲೆಯನ್ನು ಸುಟ್ಟಂತೆ ಇದು ಅಳತೆ ತಪ್ಪಿದ ವ್ಯವಹಾರ.

ಸರ್ಕಾರಗಳು ಕೈಕಟ್ಟಿ ಕುಳಿತಿಲ್ಲ. ನಮ್ಮ ರಾಜ್ಯದಲ್ಲಿ ೨೦೧೬ರಲ್ಲಿಯೇ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಲಾಯಿತು. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನುಗಳ ಮೇಲೆ ೨೦೨೨ನೆಯ ಜುಲೈ ೧ರಿಂದ ದೇಶಾದ್ಯಂತ ನಿಷೇಧವು ಜಾರಿಗೆ ಬಂದಿತು. ಆದರೆ ಬದಲಿ ವಸ್ತುವನ್ನು ಕೈಗೆ ಕೊಡದೆ ಹಳೆಯದನ್ನು ಬಿಡು ಎಂದರೆ ಜನರು ಬಿಡುವುದು ಕಷ್ಟ.

ಹೊಟ್ಟಿನ ಗುಣ

ಭತ್ತವನ್ನು ಕುಟ್ಟಿದರೆ ಅಕ್ಕಿ, ತೌಡು, ಹೊಟ್ಟು ಎಂದು ಮೂರು ಪಾಲಾಗುವುದನ್ನು ಎಲ್ಲರೂ ಬಲ್ಲರು. ನೂರು ಸೇರು ಭತ್ತಕ್ಕೆ ಹೆಚ್ಚುಕಡಿಮೆ ಇಪ್ಪತ್ತು ಸೇರು ಹೊಟ್ಟು. ಅಕ್ಕಿ ನಮಗೆ, ತೌಡು ದನಕ್ಕೆ; ಹೊಟ್ಟು ಮಾತ್ರ ಯಾರಿಗೂ ಬೇಡ. ನಮ್ಮ ಹಿರಿಯರು ಅದಕ್ಕೂ ಕೆಲಸ ಕಂಡುಕೊಂಡಿದ್ದರು. ಅಕ್ಕಸಾಲಿಗನ ಕುಲುಮೆಗೆ ಹೊಟ್ಟಿನ ಬೆಂಕಿ. ಕರಾವಳಿಯಲ್ಲಿ ಹಲ್ಲುಜ್ಜುವುದಕ್ಕೆ ಉಮಿಕರಿ. ಹಲ್ಲಿನ ಕೊಳೆಯನ್ನು ತಿಕ್ಕಿ ತೆಗೆಯುವ ಆ ಉಮಿಕರಿಯ ಗುಣಕ್ಕೆ ಕಾರಣವು ಹೊಟ್ಟಿನೊಳಗೆ ಅಡಗಿರುವ ಸಿಲಿಕಾ, ಎಂದರೆ ಮರಳಿನ ಸತ್ತ್ವವೇ. ಇಪ್ಪತ್ತು ಸೇರು ಹೊಟ್ಟನ್ನು ಪೂರ್ತಿ ಸುಟ್ಟರೆ ಸುಮಾರು ನಾಲ್ಕು ಸೇರು ಬೂದಿ ಉಳಿಯುವುದು. ಆ ಬೂದಿಯ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಸಿಲಿಕಾ. ದನವು ಹೊಟ್ಟಿಗೆ ಬಾಯಿಡದಿರುವುದೂ, ಅದು ತಿಪ್ಪೆಯಲ್ಲಿ ಬೇಗನೆ ಕೊಳೆಯದಿರುವುದೂ ಬಹುಮಟ್ಟಿಗೆ ಇದರಿಂದಲೇ.

ಉಳಿದ ಭಾಗದಲ್ಲಿ ಮುಖ್ಯವಾದುದು ಸೆಲ್ಯುಲೋಸ್. ೧೮೩೮ರಲ್ಲಿ ಫ್ರೆಂಚ್ ವಿದ್ವಾಂಸನಾದ ಪಾಯೆನ್ ಎಂಬುವನು ಇದನ್ನು ಸಸ್ಯಗಳಿಂದ ಬೇರ್ಪಡಿಸಿ ಗುರುತಿಸಿದನು. ಹತ್ತಿಯ ಎಳೆ ಬಹುಪಾಲು ಸೆಲ್ಯುಲೋಸೇ. ಕಬ್ಬಿನ ಸಿಪ್ಪೆ, ಜೋಳದ ದಂಟು, ಅಡಕೆಯ ಸಿಪ್ಪೆ, ತೆಂಗಿನ ನಾರು ಇವೆಲ್ಲದರ ಬೆನ್ನೆಲುಬು ಅದೇ. ಅದರೊಡನೆ ಲಿಗ್ನಿನ್ ಎಂಬ ಅಂಟೊಂದು ಸೇರಿಕೊಂಡು ಗಿಡಕ್ಕೆ ಗಡಸುತನವನ್ನು ಕೊಡುತ್ತದೆ. ಎಳೆಯನ್ನು ಇಟ್ಟಿಗೆಯೆಂದರೆ ಲಿಗ್ನಿನನ್ನು ಗಾರೆಯೆನ್ನಬಹುದು.

ಸಂಡಿಗೆಯ ಪಾಠ

ಇನ್ನು ಹಾಳೆಯ ವಿಷಯ. ಅಕ್ಕಿಯ ಗಂಜಿಯನ್ನು ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಬಿಸಿಲಿಗೆ ಇಟ್ಟರೆ ಸಂಡಿಗೆಯಾಗುವುದಷ್ಟೆ. ಒಣಗಿದ ಸಂಡಿಗೆಯನ್ನು ಬೆಳಕಿಗೆ ಹಿಡಿದು ನೋಡಿರಿ. ಅದು ಪಿಷ್ಟದ ತೆಳುಹಾಳೆಯೇ ಆಗಿರುತ್ತದೆ. ಪಿಷ್ಟದ ಕಣಗಳು ಬಿಸಿನೀರಿನಲ್ಲಿ ಉಬ್ಬಿ ಒಡೆದು, ಅವುಗಳೊಳಗಿನ ಉದ್ದನೆಯ ಸರಪಳಿಗಳು ಬಿಚ್ಚಿಕೊಂಡು, ನೀರು ಆರಿದಂತೆಲ್ಲ ಒಂದರ ಕೈಯನ್ನೊಂದು ಹಿಡಿದು ಹಾಳೆಯಾಗುವುವು. ಶಾಸ್ತ್ರಜ್ಞರು ತಮ್ಮ ಪ್ರಯೋಗಶಾಲೆಯಲ್ಲಿ ಮಾಡುವುದೂ ಇದೇ ಕ್ರಮ. ವ್ಯತ್ಯಾಸವೆಂದರೆ, ಸಂಡಿಗೆ ಮುಟ್ಟಿದರೆ ಮುರಿಯುವುದು. ಅದು ಬಾಗುವಂತೆ ಮಾಡಲು ಅವರು ಸ್ವಲ್ಪ ಗ್ಲಿಸರೀನನ್ನು ಬೆರಸುವರು. ಸಾಬೂನಿನ ತಯಾರಿಕೆಯಲ್ಲಿ ಉಪವಸ್ತುವಾಗಿ ದೊರೆಯುವ ಈ ದ್ರವವು ಸರಪಳಿಗಳ ನಡುವೆ ಸೇರಿ, ಕೀಲಿಗೆ ಎಣ್ಣೆ ಬಿಟ್ಟಂತೆ, ಅವು ಜಾರಿ ಸರಿಯುವುದಕ್ಕೆ ಎಡೆಮಾಡುತ್ತದೆ.

ಸಸ್ಯಮೂಲದ ಹಾಳೆಯು ಪಾಲಿಥೀನಿಗಿಂತ ಹಿರಿದೆಂಬುದನ್ನು ಇಲ್ಲಿ ಹೇಳಬೇಕು. ಸ್ವಿಟ್ಜರ್ಲೆಂಡಿನ ಬ್ರಾಂಡನ್‌ಬರ್ಗರ್ ಎಂಬುವನು ಮರದ ಸೆಲ್ಯುಲೋಸಿನಿಂದ ಸೆಲೋಫೇನ್ ಎಂಬ ಪಾರದರ್ಶಕವಾದ ಹಾಳೆಯನ್ನು ೧೯೦೮ರ ಸುಮಾರಿನಲ್ಲಿಯೇ ಮಾಡಿದ್ದನು. ಮಿಠಾಯಿಯನ್ನು ಸುತ್ತುತ್ತಿದ್ದ ಆ ಹಾಳೆ, ಮೇಲೆ ಬೇರೆ ಲೇಪವಿಲ್ಲದಿದ್ದರೆ, ಮಣ್ಣಿನಲ್ಲಿ ಕರಗತಕ್ಕದ್ದೇ. ಪಾಲಿಥೀನು ಅಗ್ಗವಾಗಿ ಬಂದು ಅದನ್ನು ಅಂಗಡಿಯಿಂದ ಬಹುಮಟ್ಟಿಗೆ ಹೊರಗೆ ತಳ್ಳಿತು. ಅಗ್ಗವೆಂಬುದಕ್ಕೆ ಯಾರು ಬೆಲೆ ತೆತ್ತರೆಂಬುದನ್ನು ಗೌರಿಯ ಕಥೆ ಹೇಳುತ್ತದೆ.

ಆದರೆ ಪಿಷ್ಟದ ಹಾಳೆಗೆ ಎರಡು ದೋಷಗಳುಂಟು. ಮಳೆಗಾಲದ ಹಪ್ಪಳವು ಮೆತ್ತಗಾಗುವಂತೆ ಅದು ಗಾಳಿಯ ತೇವವನ್ನು ಹೀರಿ ಸಡಿಲವಾಗುತ್ತದೆ. ಭಾರ ಹೊರಿಸಿದರೆ ಹರಿಯುತ್ತದೆ. ಈ ದೋಷಗಳನ್ನು ಕಡಿಮೆಮಾಡುವುದಕ್ಕೆ ಹೊಟ್ಟು ಬೇಕಾಗುವುದು.

ಗೋಡೆಯ ಹುಲ್ಲು

ಹಳ್ಳಿಯಲ್ಲಿ ಮಣ್ಣಿನ ಗೋಡೆ ಕಟ್ಟುವವರು ಮಣ್ಣನ್ನು ತುಳಿಯುವಾಗ ಕತ್ತರಿಸಿದ ಹುಲ್ಲನ್ನು ಅದರಲ್ಲಿ ಏಕೆ ಸೇರಿಸುವರು? ಬರಿಯ ಮಣ್ಣು ಒಣಗಿದಾಗ ಬಿರುಕು ಬಿಡುವುದು. ಹುಲ್ಲಿನ ಎಳೆಯು ಬಿರುಕಿಗೆ ಅಡ್ಡ ನಿಂತು ಅದನ್ನು ಮುಂದಕ್ಕೆ ಹೋಗಗೊಡದು. ೧೯೦೭ರಲ್ಲಿ ಬೇಕೆಲಂಡ್ ಎಂಬುವನು ಕಂಡುಹಿಡಿದ ಬೇಕಲೈಟಿನಲ್ಲಿಯೂ ಮರದ ಹಿಟ್ಟನ್ನು ಬೆರಸುತ್ತಿದ್ದರು. ಹಾಗೆ ಬೆರಸದಿದ್ದರೆ ಅದು ಗಾಜಿನಂತೆ ಸಿಡಿಯುತ್ತಿತ್ತು. ಹೀಗೆ ಬೇರೊಂದು ಪದಾರ್ಥದೊಳಗೆ ಸೇರಿ ಅದಕ್ಕೆ ಬಲವನ್ನೋ ಮಿತವ್ಯಯವನ್ನೋ ಕೊಡುವುದಕ್ಕೆ ತುಂಬುವಸ್ತುವೆಂದು ಹೆಸರಿಡೋಣ.

ಪಿಷ್ಟವೂ ಸೆಲ್ಯುಲೋಸೂ ಒಂದೇ ಕುಲದವು. ಎರಡೂ ಗ್ಲೂಕೋಸ್ ಸಕ್ಕರೆಯ ಮಣಿಗಳನ್ನು ಪೋಣಿಸಿದ ಮಾಲೆಗಳು. ಪೋಣಿಸಿದ ರೀತಿ ಮಾತ್ರ ಬೇರೆ. ಆದುದರಿಂದ ಹೊಟ್ಟಿನ ಎಳೆಯು ಪಿಷ್ಟದ ಹಾಳೆಯೊಳಗೆ ಹೋದರೆ ಪರಕೀಯವಾಗಿ ನಿಲ್ಲುವುದಿಲ್ಲ. ಸುತ್ತಲಿನ ಸರಪಳಿಗಳೊಡನೆ ಕೈಜೋಡಿಸಿ ಹಿಡಿತವನ್ನು ಬಿಗಿಮಾಡುತ್ತದೆ. ಅಲ್ಲದೆ ನೀರಿನ ಆವಿಯು ಹಾಳೆಯನ್ನು ನೇರವಾಗಿ ದಾಟಲಾರದೆ, ಸಂತೆಯ ಗುಂಪಿನಲ್ಲಿ ನಡೆಯುವವನಂತೆ, ಕಣಗಳನ್ನು ಬಳಸಿಕೊಂಡು ಹೋಗಬೇಕಾಗುವುದು. ದಾರಿ ಉದ್ದವಾದಷ್ಟೂ ತೇವ ನುಗ್ಗುವುದು ನಿಧಾನ.

ಇದಕ್ಕೆ ಹೊಟ್ಟನ್ನು ಸಿದ್ಧಮಾಡುವ ಕ್ರಮವೂ ಕಠಿನವಾದುದಲ್ಲ. ಮೊದಲು ತೊಳೆದು ಒಣಗಿಸಿ ನುಣ್ಣಗೆ ಪುಡಿಮಾಡುವರು. ಅಷ್ಟಕ್ಕೇ ನಿಲ್ಲಿಸಿದರೂ ಒಂದು ಬಗೆಯ ತುಂಬುವಸ್ತು ಆಗುವುದು. ಇನ್ನೂ ಉತ್ತಮವಾಗಬೇಕಾದರೆ ಕಾಸ್ಟಿಕ್ ಸೋಡದ ನೀರಿನಲ್ಲಿ ಬೇಯಿಸಿ ಲಿಗ್ನಿನನ್ನೂ ಸಿಲಿಕಾವನ್ನೂ ಬಹುಮಟ್ಟಿಗೆ ಕರಗಿಸಿ ತೆಗೆದು, ಹೈಡ್ರೊಜನ್ ಪೆರಾಕ್ಸೈಡಿನಿಂದ ಬಿಳುಪು ಮಾಡುವರು. ಆಗ ಉಳಿಯುವುದು ಬೆಳ್ಳಗಿನ ಸೆಲ್ಯುಲೋಸ್. ಇದನ್ನು ಗಂಧಕಾಮ್ಲದಲ್ಲಿ ಹದವರಿತು ಕಾಯಿಸಿದರೆ, ಸಡಿಲವಾದ ಭಾಗಗಳು ಕರಗಿಹೋಗಿ ಗಟ್ಟಿಯಾದ ಸೂಜಿಗಳು ಮಾತ್ರ ನಿಲ್ಲುವುವು. ಸ್ವೀಡನ್ ದೇಶದ ರೋನ್ಬಿ ಎಂಬ ವಿದ್ವಾಂಸನು ೧೯೪೯ರಲ್ಲಿ ಇಂಥ ಸೂಕ್ಷ್ಮಕಣಗಳ ದ್ರಾವಣವನ್ನು ವರ್ಣಿಸಿದನು. ಫ್ರಾನ್ಸಿನ ಗ್ರೆನೋಬಲ್ ನಗರದ ವಿಜ್ಞಾನಿಗಳು ೧೯೯೫ರಲ್ಲಿ ಇಂಥ ಸೂಜಿಗಳನ್ನು ರಬ್ಬರಿನಂಥ ಹಾಳೆಯಲ್ಲಿ ಸ್ವಲ್ಪವೇ ಬೆರಸಿ ಅದರ ಬಿಗುವು ಬಹುಪಾಲು ಹೆಚ್ಚುವುದನ್ನು ತೋರಿಸಿದರು. ಒಂದೊಂದು ಸೂಜಿಯ ದಪ್ಪವು ನಮ್ಮ ತಲೆಗೂದಲಿನ ಸಾವಿರಾರನೆಯ ಒಂದು ಭಾಗ. ನಮ್ಮ ದೇಶದಲ್ಲಿಯೂ, ೧೯೨೪ರಲ್ಲಿ ಸ್ಥಾಪಿತವಾದ ಮುಂಬಯಿಯ ಹತ್ತಿ ಸಂಶೋಧನಾಲಯವು ಇಂಥ ಅತಿಸೂಕ್ಷ್ಮ ಸೆಲ್ಯುಲೋಸನ್ನು ತಯಾರಿಸುವ ಪ್ರಾಯೋಗಿಕ ಸ್ಥಾವರವನ್ನು ನಡೆಸಿದೆ.

ಆದರೆ ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂದು ಯಾರೂ ಭಾವಿಸಬಾರದು. ಉಪ್ಪು ಅಡಿಗೆಗೆ ಹೇಗೋ ತುಂಬುವಸ್ತು ಹಾಳೆಗೆ ಹಾಗೆ. ಮಿತಿ ಮೀರಿದರೆ ಕಣಗಳು ತಮ್ಮ ತಮ್ಮಲ್ಲಿಯೇ ಗಂಟುಕಟ್ಟಿಕೊಳ್ಳುವುವು. ಗಂಟು ಇರುವ ಕಡೆಯೇ ಹಾಳೆ ಹರಿಯುವುದು.

ನಾವು ಮಾಡಿ ನೋಡಿದುದು

ಓದಿದುದನ್ನು ಕೈಯಿಂದ ಮಾಡಿ ನೋಡಬೇಕೆಂಬ ಹಂಬಲದಿಂದ ಕಳೆದ ಆಷಾಢದಲ್ಲಿ ನಾವು ಮನೆಯವರೆಲ್ಲ ಸೇರಿ ಒಂದು ಚಿಕ್ಕ ಪ್ರಯೋಗ ನಡೆಸಿದೆವು. ಹತ್ತು ಗ್ರಾಮ್ ಮೆಕ್ಕೆಜೋಳದ ಪಿಷ್ಟ, ಒಂದು ಲೋಟ ನೀರು, ಅರ್ಧ ಚಮಚೆ ಗ್ಲಿಸರೀನು. ಇಷ್ಟನ್ನು ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ, ಗಂಜಿ ಪಾರದರ್ಶಕವಾದ ಕೂಡಲೆ ಉಕ್ಕಿನ ತಟ್ಟೆಯಲ್ಲಿ ಹರಡಿ ನೆರಳಿನಲ್ಲಿ ಆರಿಸಿದೆವು. ಮೂರನೆಯ ದಿನ ಹಾಳೆ ಎದ್ದುಬಂದಿತು, ಚೆನ್ನಾಗಿಯೂ ಇತ್ತು. ಮಳೆ ಹಿಡಿದ ಕೂಡಲೆ ಮಾತ್ರ ಜೋತುಬಿದ್ದು ಕೈಗೆ ಅಂಟತೊಡಗಿತು.

ಎರಡನೆಯ ಸಲ ಕುಟ್ಟಿದ ಹೊಟ್ಟನ್ನು ಜರಡಿಯಲ್ಲಿ ಜಾಲಿಸಿ ಒಂದು ಚಿಟಿಕೆ ಬೆರಸಿದೆವು. ಹಾಳೆ ಮೊದಲಿನದಕ್ಕಿಂತಲೂ ಕೆಟ್ಟದಾಯಿತು. ಒಂದೊಂದು ತರಿಯ ಪಕ್ಕದಲ್ಲಿಯೂ ಸೀಳಿತು. ಇದನ್ನು ನೋಡಿ ನಮ್ಮ ತಾಯಿಯವರು, “ಚೂರ್ಣವನ್ನು ವಸ್ತ್ರಗಾಳಿತ ಮಾಡದೆ ಔಷಧ ಆದೀತೆ?” ಎಂದು ನಕ್ಕರು. ಹಳೆಯ ಧೋತ್ರದಲ್ಲಿ ಸೋಸಿದ ನುಣುಪಾದ ಪುಡಿಯಿಂದ ಮೂರನೆಯ ಹಾಳೆ ಸಿದ್ಧವಾಯಿತು. ಅದರ ಬಣ್ಣ ಮಾಸಲು ಕಂದು. ಅದರ ಪಟ್ಟಿಯೊಂದನ್ನು ತೂಗುಹಾಕಿ ತೂಕ ಕಟ್ಟಿದಾಗ, ಬರಿಯ ಪಿಷ್ಟದ ಪಟ್ಟಿಗಿಂತ ಹೆಚ್ಚು ಭಾರವನ್ನು ತಡೆಯಿತು; ಆದರೆ ಅದರಷ್ಟು ಹಿಗ್ಗಲಿಲ್ಲ. ಬಲ ಬಂದಿತು, ಬಾಗು ಕಡಿಮೆಯಾಯಿತು. ಹೊಟ್ಟಿನ ಧೂಳು ಶ್ವಾಸಕೋಶಕ್ಕೆ ಅಹಿತವಾದುದರಿಂದ, ಮಾಡಿ ನೋಡುವವರು ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಪಾಲಿಥೀನಿನ ತುಂಡು, ಪಿಷ್ಟದ ಹಾಳೆ, ಹೊಟ್ಟಿನ ಹಾಳೆ ಈ ಮೂರನ್ನೂ ಹೂವಿನ ಕುಂಡದ ಮಣ್ಣಿನಲ್ಲಿ ಹೂಳಿದೆವು. ಐದು ವಾರಗಳ ತರುವಾಯ ಅಗೆದು ನೋಡಿದರೆ ಪಿಷ್ಟದ ಹಾಳೆಯ ಗುರುತಿಲ್ಲ. ಹೊಟ್ಟಿನ ಹಾಳೆಯ ಜಾಗದಲ್ಲಿ ಕಂದು ಪುಡಿ ಸ್ವಲ್ಪ ಉಳಿದಿತ್ತು. ಪಾಲಿಥೀನನ್ನು ನೀರಿನಲ್ಲಿ ಜಾಲಾಡಿಸಿದರೆ ನಿನ್ನೆ ಅಂಗಡಿಯಿಂದ ತಂದಂತೆ ಹೊಳೆಯಿತು. ಮಕ್ಕಳು ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದರು.

ನಮ್ಮ ಹಾಳೆಯಿಂದ ಚೀಲ ಮಾಡಬಹುದೆಂದು ಮಾತ್ರ ನಾವು ಹೇಳಲಾರೆವು. ತೊಳೆದ ಸೊಪ್ಪನ್ನು ಅದರಲ್ಲಿ ಕಟ್ಟಿದರೆ ಸ್ವಲ್ಪ ಹೊತ್ತಿನಲ್ಲಿಯೇ ಮೆತ್ತಗಾಗಿ ಬಿಟ್ಟುಕೊಟ್ಟಿತು. ಹೊಟ್ಟು ದೋಷವನ್ನು ತಗ್ಗಿಸಿತೇ ಹೊರತು ತೊಡೆದುಹಾಕಲಿಲ್ಲ. ಆದುದರಿಂದಲೇ ಕಾರ್ಖಾನೆಗಳವರು ಪಿಷ್ಟವನ್ನು ನೀರಿಗೆ ಅಳುಕದ ಬೇರೆ ಜೀರ್ಣವಸ್ತುಗಳೊಡನೆ ಕೂಡಿಸಿ ಹಾಳೆ ಮಾಡುವರು.

ಎಚ್ಚರಿಕೆಯ ಮಾತು

ಈ ವಿಷಯದಲ್ಲಿ ಸತ್ಯಕ್ಕಿಂತ ಜಾಹೀರಾತು ಮುಂದೆ ನಡೆಯುತ್ತಿದೆ. ಗೃಹಸ್ಥರು ಮೂರು ಸಂಗತಿಗಳನ್ನು ನೆನಪಿನಲ್ಲಿಡಬೇಕು.

ಮೊದಲನೆಯದು: ತುಂಬುವಸ್ತು ಸಸ್ಯದ್ದಾದ ಮಾತ್ರಕ್ಕೆ ಹಾಳೆಯು ಮಣ್ಣಾಗುವುದಿಲ್ಲ. ೧೯೭೦ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಪಾಲಿಥೀನಿಗೇ ಪಿಷ್ಟವನ್ನು ತುಂಬಿ ನೋಡಿದರು. ಮಣ್ಣಿನ ಜೀವಿಗಳು ಪಿಷ್ಟವನ್ನು ತಿಂದುವು. ಪಾಲಿಥೀನು ತೂತುತೂತಾಗಿ, ಚೂರುಚೂರಾಗಿ, ಹಾಗೆಯೇ ಉಳಿಯಿತು. ಕಣ್ಣಿಗೆ ಕಾಣುವ ಕಸವು ಕಣ್ಣಿಗೆ ಕಾಣದ ಕಸವಾಯಿತು, ಅಷ್ಟೆ. ಬಿಸಿಲಿಗೆ ಪುಡಿಯಾಗುವಂತೆ ಮದ್ದು ಬೆರಸಿದ ಪ್ಲಾಸ್ಟಿಕ್ಕಿನದೂ ಇದೇ ಹಣೆಬರಹ. ಯೂರೋಪಿನ ಒಕ್ಕೂಟವು ೨೦೨೧ರಲ್ಲಿ ಅದರ ಮಾರಾಟವನ್ನು ನಿಲ್ಲಿಸಿತು.

ಎರಡನೆಯದು: ಹುಟ್ಟು ಬೇರೆ, ಸಾವು ಬೇರೆ. ಬ್ರೆಜಿಲ್ ದೇಶದಲ್ಲಿ ೨೦೧೦ರಿಂದ ಕಬ್ಬಿನ ಮದ್ಯಸಾರದಿಂದ ಪಾಲಿಥೀನನ್ನು ಮಾಡುತ್ತಾರೆ. ಅದು ಹೊಲದಲ್ಲಿ ಹುಟ್ಟಿದ್ದಾದರೂ ಪಾಲಿಥೀನೇ, ಅಳಿಯುವುದಿಲ್ಲ. ಇನ್ನೊಂದು ಕಡೆ, ಕಲ್ಲೆಣ್ಣೆಯಿಂದಲೇ ಮಾಡಿದ ಕೆಲವು ಹಾಳೆಗಳನ್ನು ಸೂಕ್ಷ್ಮಜೀವಿಗಳು ಜೀರ್ಣಿಸಿಕೊಳ್ಳಬಲ್ಲವು.

ಮೂರನೆಯದು: ಗೊಬ್ಬರವಾಗುವುದೆಂದರೆ ಎಲ್ಲಿ, ಎಷ್ಟು ಕಾವಿನಲ್ಲಿ ಎಂದು ಕೇಳಬೇಕು. ಮೆಕ್ಕೆಜೋಳ ಮುಂತಾದುವುಗಳ ಸಕ್ಕರೆಯಿಂದ ಆಗುವ ಪಾಲಿಲ್ಯಾಕ್ಟಿಕ್ ಆಮ್ಲದ ಹಾಳೆಯು ಸುಮಾರು ೫೮ ಡಿಗ್ರಿ ಕಾವಿರುವ ದೊಡ್ಡ ಗೊಬ್ಬರದ ಸ್ಥಾವರದಲ್ಲಿ ಕೆಲವು ತಿಂಗಳಲ್ಲಿ ಜೀರ್ಣವಾಗುತ್ತದೆ. ಹಿತ್ತಲಿನ ಗುಂಡಿಯಲ್ಲಿಯೋ ಕೆರೆಯಲ್ಲಿಯೋ ಬಹುಕಾಲ ಬಿದ್ದಿರುತ್ತದೆ. ಯೂರೋಪಿನ ನಿಯಮದ ಪ್ರಕಾರ, ಅಂಥ ಸ್ಥಾವರದ ಕಾವಿನಲ್ಲಿ ಆರು ತಿಂಗಳೊಳಗೆ ನೂರಕ್ಕೆ ತೊಂಬತ್ತು ಪಾಲು ಇಂಗಾಲಾಮ್ಲ ವಾಯುವಾಗಿ ಮಾರ್ಪಡಬೇಕು. ನಮ್ಮ ದೇಶದಲ್ಲಿ ಗೊಬ್ಬರವಾಗುವ ಚೀಲವನ್ನು ಮಾಡುವವರು ಐಎಸ್/ಐಎಸ್‌ಒ ೧೭೦೮೮ ಎಂಬ ಮಾನಕಕ್ಕೆ ಒಪ್ಪುವಂತೆ ಮಾಡಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರವನ್ನು ಪಡೆದಿರಬೇಕೆಂದು ೨೦೧೬ರ ನಿಯಮಗಳು ವಿಧಿಸುತ್ತವೆ. ಹಸಿರು ಬಣ್ಣವನ್ನೂ ಎಲೆಯ ಚಿತ್ರವನ್ನೂ ನಂಬದೆ ಈ ಗುರುತನ್ನು ಹುಡುಕಿರಿ.

ಯಾರ ಕಸ?

ಇನ್ನೊಂದು ಮಾತನ್ನು ಹೇಳದೆ ಲೇಖನವನ್ನು ಮುಗಿಸಲಾಗದು. ಬೇಸಾಯದ ಕಸವೆಂದು ಪಟ್ಟಣದವರು ಸುಲಭವಾಗಿ ಹೇಳಿಬಿಡುವರು. ಪಂಜಾಬು, ಹರಿಯಾಣಗಳಲ್ಲಿ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಭತ್ತದ ಕೂಳೆಯನ್ನು ಹೊಲದಲ್ಲಿಯೇ ಸುಟ್ಟು ದೆಹಲಿಯವರೆಗೆ ಹೊಗೆ ಕವಿಯುವುದು ನಿಜ. ಅಲ್ಲಿ ಅದು ಕಸವೇ. ಆದರೆ ನಮ್ಮ ರಾಗಿಯ ಹುಲ್ಲನ್ನು ಕಸವೆಂದರೆ ರೈತನು ನಗುವನು. ಬೇಸಗೆಯಲ್ಲಿ ಅವನ ದನದ ಜೀವ ನಿಂತಿರುವುದು ಅದರ ಮೇಲೆ. ಕಬ್ಬಿನ ಸಿಪ್ಪೆ ಸಕ್ಕರೆ ಕಾರ್ಖಾನೆಯ ಬಾಯ್ಲರಿಗೆ ಸೌದೆ. ಹೊಲದಲ್ಲಿ ಕೊಳೆತ ಎಲೆಯೂ ದಂಟೂ ಮಣ್ಣಿಗೆ ಆಹಾರ. ಬಡವನ ದನದ ಬಾಯಿಂದ ಮೇವನ್ನು ಕಿತ್ತು ಪಟ್ಟಣದ ಚೀಲಕ್ಕೆ ತುಂಬಿದರೆ ಒಂದು ಹಸುವನ್ನು ಉಳಿಸಿ ಇನ್ನೊಂದನ್ನು ಕೊಂದಂತಾಗುವುದು. ದನಕ್ಕೂ ಬೇಡವಾಗಿ, ಹೊಲಕ್ಕೂ ಹಿಂದಿರುಗದೆ ರಾಶಿಬಿದ್ದಿರುವುದನ್ನೇ ಆರಿಸಿಕೊಳ್ಳಬೇಕು. ದಾವಣಗೆರೆ, ಗಂಗಾವತಿಗಳ ಗಿರಣಿಗಳಲ್ಲಿ ಉರಿಸಿ ಮಿಕ್ಕ ಹೊಟ್ಟು, ಮಲೆನಾಡಿನ ರಸ್ತೆಯ ಬದಿಯಲ್ಲಿ ಸುರಿದಿರುವ ಅಡಕೆಯ ಸಿಪ್ಪೆ ಇಂಥವು.

ಉಪಯೋಗವನ್ನೂ ಹಾಗೆಯೇ ಆರಿಸಬೇಕು. ಕೊಡಗು, ಚಿಕ್ಕಮಗಳೂರುಗಳ ಕಾಫಿಯ ಸಸಿಗಳನ್ನು ಕಪ್ಪು ಪಾಲಿಥೀನ್ ಚೀಲಗಳಲ್ಲಿ ಬೆಳೆಸುವರು. ನೆಡುವಾಗ ಚೀಲವನ್ನು ಹರಿದು ಎಸೆಯುವರು. ತರಕಾರಿಯ ಮಡಿಗಳಿಗೆ ಹೊದಿಸುವ ಹಾಳೆಯ ಚೂರುಗಳು ಹೊಲದಲ್ಲಿಯೇ ಉಳಿಯುವುವು. ಕೆಲವು ತಿಂಗಳು ಬಾಳಿ, ಕೆಲಸ ಮುಗಿದ ಮೇಲೆ ಅದೇ ಮಣ್ಣಿನಲ್ಲಿ ಕರಗುವ ಹಾಳೆ ಇಲ್ಲಿಗೆ ತಕ್ಕದ್ದು. ಹೊಲದ ಹೊಟ್ಟು ಹೊಲಕ್ಕೇ ಹಿಂದಿರುಗಿದಂತೆಯೂ ಆಗುವುದು.

ಗೃಹಕೃತ್ಯಕ್ಕೆ ಬಂದರೆ, ಅತ್ಯುತ್ತಮವಾದ ಹಾಳೆಗಿಂತಲೂ ಗೂಟಕ್ಕೆ ತೂಗುಹಾಕಿದ ಬಟ್ಟೆಯ ಚೀಲವೇ ಮೇಲು. ಮುತ್ತುಗದ ಎಲೆ, ಬಾಳೆಯ ಎಲೆ, ಅಡಕೆಯ ಹಾಳೆ ಇವುಗಳಲ್ಲಿ ಊಟವನ್ನೂ ಹೂವನ್ನೂ ಕಟ್ಟಿಕೊಡುತ್ತಿದ್ದ ಹಿರಿಯರು ರಸಾಯನಶಾಸ್ತ್ರವನ್ನು ಓದಿದವರಲ್ಲ. ತಂದುದನ್ನು ತಂದ ಕಡೆಗೆ ಹಿಂದಿರುಗಿಸಬೇಕೆಂಬುದನ್ನು ಮಾತ್ರ ಬಲ್ಲವರಾಗಿದ್ದರು. ಎಲೆಯಿಂದ ಆಗದ ಕೆಲಸಕ್ಕೆ ಹೊಟ್ಟಿನ ಹಾಳೆ ಬರಲಿ.

ನೆರೆಮನೆಯವರು ಈಚೆಗೆ ಗೌರಿಯ ಕರುವಿನ ಕರುವನ್ನು ಬೀದಿಗೆ ಬಿಡತೊಡಗಿದ್ದಾರೆ. ಅದು ನಮ್ಮ ಬಾಗಿಲಿಗೂ ಬರುತ್ತದೆ. ಸಿಪ್ಪೆಯನ್ನು ನಾವು ಈಗ ಬಿದಿರಿನ ಮೊರದಲ್ಲಿಟ್ಟು ಕೈಯಾರ ತಿನ್ನಿಸುತ್ತೇವೆ. ಅದು ತಿಂದು ಮುಗಿಸಿ ಮುಂದಿನ ಮನೆಗೆ ಹೋಗುವವರೆಗೂ ಬಾಗಿಲಲ್ಲಿ ನಿಂತಿರುತ್ತೇವೆ.